ಅರವತ್ತು ದಾಟಿದ ಮೇಲೆ ಬಾಯಿಲೆಕ್ಕ ಮಾಡುವುದು ಹೇಗೆ: ಮಂಡಿಪೇಟೆಯ ಹಳೇ ಗುಮಾಸ್ತ ಹೇಳುವ ದಾರಿ

47ಕ್ಕೆ 38 ಕೂಡಿಸಿ. ಪೆನ್ನು ಬೇಡ, ಮೊಬೈಲ್ ಬೇಡ. ಉತ್ತರ ಬಂದ ಮೇಲೆ ಒಂದು ನಿಮಿಷ ಸುಮ್ನೆ ಕೂತು, ಅದನ್ನು ಹೇಗೆ ಮಾಡಿದಿರಿ ಎಂದು ನೆನಪಿಸಿಕೊಳ್ಳಿ. ಮೊದಲು ಯಾವ ಅಂಕಿ ಮುಟ್ಟಿದಿರಿ? ಮಧ್ಯೆ ಏನನ್ನು ಮನಸ್ಸಿನಲ್ಲಿ ಹಿಡಿದುಕೊಂಡಿರಿ? ತುಟಿ ಅಲ್ಲಾಡಿತಾ, ಬೆರಳು ಅಲ್ಲಾಡಿತಾ?

ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್ ಮುಗಿಸಿ ನಾವು ನಾಲ್ಕು ಜನ ಒಂದು ಬೆಂಚಿನಲ್ಲಿ ಕೂರುತ್ತೇವೆ. ಪಕ್ಕದಲ್ಲೇ ಸೊಪ್ಪು ಮಾರುವ ಅಕ್ಕ ಐದನೆಯವರು. ಎಲ್ಲರಿಗೂ ಅರವತ್ತೈದು ದಾಟಿದೆ. ಒಂದು ದಿನ ಇದೇ ಲೆಕ್ಕವನ್ನು ಅವರ ಮುಂದೆ ಇಟ್ಟೆ. ಎಲ್ಲರೂ 85 ಎಂದರು. ಆದರೆ ಒಬ್ಬೊಬ್ಬರದು ಒಂದೊಂದು ದಾರಿ.

ನಿವೃತ್ತ ಮೇಷ್ಟ್ರು ಗಾಳಿಯಲ್ಲಿ ಬೆರಳಿನಿಂದ ಬರೆದರು. ಏಳು ಎಂಟು ಹದಿನೈದು, ಐದು ಇಟ್ಟು ದಶಕ ಒಂದು, ನಾಲ್ಕು ಮೂರು ಏಳು, ದಶಕ ಸೇರಿ ಎಂಟು. ಕಪ್ಪು ಹಲಗೆಯ ಮೇಲೆ ನಲವತ್ತು ವರ್ಷ ಮಾಡಿದ ಹಾಗೇ.

ಕಾಟನ್ ಮಿಲ್ಲಿನಲ್ಲಿ ದುಡಿದ ಗೆಳೆಯರು ಬೆರಳಿನ ಗೆಣ್ಣು ಹಿಡಿದರು. 47, ಒಂದು ಗೆಣ್ಣಿಗೆ 57, ಇನ್ನೊಂದಕ್ಕೆ 67, ಮತ್ತೊಂದಕ್ಕೆ 77. ಆಮೇಲೆ ಎಂಟು ಗೆಣ್ಣು ಒಂದೊಂದಾಗಿ ಎಣಿಸಿ 85. ಎಲ್ಲರಿಗಿಂತ ನಿಧಾನ ಅವರೇ. ಆದರೆ ಅವರ ಲೆಕ್ಕ ತಪ್ಪಿದ್ದನ್ನು ನಾನು ಇನ್ನೂ ನೋಡಿಲ್ಲ.

ಟೈಲರ್ ಸಾಹೇಬರು ಉರ್ದುವಿನಲ್ಲಿ ಮಾಡಿದರು. ಉರ್ದುವಿನಲ್ಲಿ 47 ಎಂದರೆ ಸೈಂತಾಲೀಸ್. ಅಲ್ಲಿ ಏಳು ಮೊದಲು ಬರುತ್ತದೆ, ನಲವತ್ತು ಆಮೇಲೆ. ಹಾಗಾಗಿ ಅವರ ಲೆಕ್ಕವೂ ಬಿಡಿಯಿಂದಲೇ ಶುರುವಾಯಿತು.

ಸೊಪ್ಪಿನ ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಟ್ಟು ಬಿಡಿಸುತ್ತಲೇ ಹೇಳಿದರು: "ಐವತ್ತಕ್ಕೆ ಮೂರು ಕಮ್ಮಿ, ನಲವತ್ತಕ್ಕೆ ಎರಡು ಕಮ್ಮಿ. ತೊಂಬತ್ತಕ್ಕೆ ಐದು ಕಮ್ಮಿ ಆತಲ್ರೀ." ಮೇಷ್ಟ್ರ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

ನಾನು 47ನ್ನು ಒಡೆಯದೆ ಹಾಗೇ ಇಟ್ಟುಕೊಂಡೆ. ಅದಕ್ಕೆ ಮೂವತ್ತು, 77. ಎಂಟು, 85. ಈ ದಾರಿ ನನ್ನದಾಗಿದ್ದು ಹೇಗೆ ಎಂದು ಹೇಳಬೇಕು. ಯಾಕೆಂದರೆ ಅದನ್ನು ನಾನು ಕಲಿತದ್ದೇ ಅರವತ್ತಾರನೇ ವಯಸ್ಸಿನಲ್ಲಿ.

ಇಪ್ಪತ್ತು ರೂಪಾಯಿ ಹೋದದ್ದೆಲ್ಲಿ

ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದೆ. ದಿನದ ಜಮಾ-ಖರ್ಚಿನ ಕಿರ್ದಿ, ಖಾತೆ, ರೈತರ ಮಾಲಿನ ಲೆಕ್ಕ ಬರೆಯುವ ಪಟ್ಟಿ ಎಲ್ಲ ನನ್ನ ಕೈಯಲ್ಲೇ. ಸಂಜೆ ತಾಳೆ ಬೀಳದೆ ಮನೆಗೆ ಹೋದವನಲ್ಲ. ಕೆಲಸ ಬಿಟ್ಟ ಮೇಲೆ ಒಂದು ಸಲ, ದುಗ್ಗಮ್ಮನ ಜಾತ್ರೆಗೆ ನೆಂಟರು ಬರುವ ಹೊತ್ತು, ದಿನಸಿ ತರಲು ಹೋಗಿದ್ದೆ. ಆರು ಸಾಮಾನು. 185, 240, 67, 128, 95, 310. ಮನಸ್ಸಿನಲ್ಲೇ ಕೂಡಿಸಿ 1,005 ಎಂದೆ. ಅಂಗಡಿಯ ಹುಡುಗ 1,025 ಎಂದ. ನನ್ನ ಲೆಕ್ಕದ ಮೇಲೆ ನನಗೆ ಅಷ್ಟು ಭರವಸೆ. ಹುಡುಗನಿಗೆ ಜೋರು ಮಾಡಿದೆ. ಅವನು ಚೀಟಿ ತಿರುಗಿಸಿ ಮತ್ತೊಮ್ಮೆ ಕೂಡಿಸಿ ತೋರಿಸಿದ. ಅವನದೇ ಸರಿ ಇತ್ತು. ಕ್ಷಮೆ ಕೇಳಿ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ತಲೆ ಹೋಗುತ್ತಿದೆ ಎಂದುಕೊಂಡೆ. ನಮ್ಮಪ್ಪನ ಕೊನೆಯ ವರ್ಷಗಳು ಕಣ್ಣ ಮುಂದೆ ಬಂದವು.

ಮೊಮ್ಮಗಳು ಮನಃಶಾಸ್ತ್ರ ಓದುತ್ತಾಳೆ. ಮರುದಿನ ಅವಳೇ ನನ್ನನ್ನು ಕೂರಿಸಿ ಒಂದೊಂದೇ ಲೆಕ್ಕ ಕೇಳಿದಳು. ಏಳೆಂಟ್ಲೆ? ಐವತ್ತಾರು. ಹದಿಮೂರ ಆರ್ಲೆ? ಎಪ್ಪತ್ತೆಂಟು. ಒಂದೂ ತಪ್ಪಲಿಲ್ಲ. ಆಮೇಲೆ ಆ ಆರು ಸಾಮಾನಿನ ಲೆಕ್ಕವನ್ನು ಜೋರಾಗಿ ಹೇಳುತ್ತಾ ಮಾಡು ಎಂದಳು. ಬಿಡಿ ಅಂಕಿಗಳು ಸೇರಿ 25. ಐದು ಇಟ್ಟೆ, ದಶಕ ಎರಡು. ಹತ್ತರ ಮನೆಯ ಅಂಕಿಗಳು ಸೇರಿ 30. ಅಷ್ಟರಲ್ಲಿ ಆ ಎರಡು ಮಾಯ.

"ಅಜ್ಜಾ, ನಿನ್ನ ಲೆಕ್ಕ ತಪ್ಪಿಲ್ಲ. ಕೈಯಲ್ಲಿದ್ದ ದಶಕ ಜಾರಿದೆ, ಅಷ್ಟೇ" ಎಂದಳು.

ಈ ಒಂದು ಮಾತಿಗೆ ನಾನು ಅವಳಿಗೆ ಜೀವನಪೂರ್ತಿ ಋಣಿ.

ಅವಳು ತಿಳಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಚಿಕ್ಕಂದಿನಲ್ಲಿ ಉರು ಹೊಡೆದ ಮಗ್ಗಿ, ಚಿಕ್ಕ ಕೂಡುವಿಕೆ, ಇವು ವಯಸ್ಸಾದರೂ ಗಟ್ಟಿಯಾಗಿ ಉಳಿಯುತ್ತವೆ. ಕುಗ್ಗುವುದು ಬೇರೆ. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಎಂಬ ಇಂಗ್ಲೆಂಡಿನ ಇಬ್ಬರು 1974ರಲ್ಲಿ ಇದನ್ನು ವಿವರಿಸಿ ಬರೆದರು. ಕೆಲಸ ನಡೆಯುತ್ತಿರುವಾಗ ಬೇಕಾದ ನೆನಪು ಬೇರೆಯೇ ಒಂದು ವ್ಯವಸ್ಥೆ, ಅದರಲ್ಲಿ ಜಾಗ ಕಡಿಮೆ ಎಂದರು. 1996ರಲ್ಲಿ ಅಮೆರಿಕದ ಟಿಮೊತಿ ಸಾಲ್ಟ್‌ಹೌಸ್ ಇನ್ನೊಂದು ಮಾತು ಹೇಳಿದರು. ವಯಸ್ಸಾದಂತೆ ಮನಸ್ಸಿನ ವೇಗ ಕಡಿಮೆಯಾಗುತ್ತದೆ. ಹಿಂದಿನ ಹೆಜ್ಜೆಯ ಫಲ ಮುಂದಿನ ಹೆಜ್ಜೆ ಮುಗಿಯುವ ಮೊದಲೇ ಆರಿಹೋಗುತ್ತದೆ. ನನ್ನ ದಶಕ ಜಾರಿದ್ದು ಹೀಗೇ. ಹತ್ತರ ಮನೆಯ ಆರು ಅಂಕಿ ಕೂಡಿಸಲು ನನಗೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾಯಿತು. ಅಷ್ಟು ಹೊತ್ತು ಆ ಎರಡು ಕಾಯಲಿಲ್ಲ.

ಅಲ್ಲಿಗೆ ಮಾಡಬೇಕಾದದ್ದು ಏನೆಂದು ಗೊತ್ತಾಯಿತು. ಲೆಕ್ಕವನ್ನು ಮತ್ತೆ ಕಲಿಯಬೇಕಿಲ್ಲ. ಕೈಯಲ್ಲಿ ಏನನ್ನೂ ಹಿಡಿದುಕೊಳ್ಳದ ಹಾಗೆ ಲೆಕ್ಕದ ದಾರಿ ಬದಲಿಸಬೇಕು. ಒಂದು ಹೊತ್ತಿಗೆ ಮನಸ್ಸಿನಲ್ಲಿ ಒಂದೇ ಸಂಖ್ಯೆ ಇರಬೇಕು.

ದೊಡ್ಡ ಕಡೆಯಿಂದ ಬನ್ನಿ

ಕಾಗದದ ಮೇಲೆ ಬಲದಿಂದ ಎಡಕ್ಕೆ ಹೋಗುವುದು ಸರಿ. ಅಲ್ಲಿ ದಶಕವನ್ನು ಕಾಗದವೇ ಹಿಡಿದಿರುತ್ತದೆ. ಬಾಯಿಲೆಕ್ಕಕ್ಕೆ ಆ ದಾರಿ ಹೊಂದುವುದಿಲ್ಲ. ನಮ್ಮ ಕನ್ನಡವನ್ನೇ ಕೇಳಿ. ನಲವತ್ತೇಳು. ಮೊದಲು ನಲವತ್ತು, ಆಮೇಲೆ ಏಳು. ಬಾಯಿ ಹೋಗುವ ದಾರಿಯಲ್ಲೇ ಲೆಕ್ಕವೂ ಹೋದರೆ ಹೊರೆ ಕಡಿಮೆ.

ಆ ಆರು ಸಾಮಾನನ್ನೇ ಈಗ ನಾನು ಹೀಗೆ ಕೂಡಿಸುತ್ತೇನೆ. ನಿಮ್ಮ ಬಾಯಲ್ಲೂ ಹೇಳಿಕೊಂಡು ಬನ್ನಿ.

ನೂರ ಎಂಬತ್ತೈದು. ಇದಕ್ಕೆ 240. ಮೊದಲು ಇನ್ನೂರು: 385. ನಲವತ್ತು: 425. ಈಗ 185 ಮರೆತುಬಿಡಿ, 240 ಮರೆತುಬಿಡಿ. ಇರುವುದು 425 ಒಂದೇ.
ಅದಕ್ಕೆ 67. ಅರವತ್ತು: 485. ಏಳು: 492.
ಅದಕ್ಕೆ 128. ನೂರು: 592. ಇಪ್ಪತ್ತು: 612. ಎಂಟು: 620.
ಅದಕ್ಕೆ 95. ಇಲ್ಲಿ ಸೊಪ್ಪಿನ ಅಕ್ಕನ ದಾರಿ ಹಿಡಿಯಿರಿ. ನೂರು ಹಾಕಿ, ಐದು ವಾಪಸ್: 715.
ಅದಕ್ಕೆ 310. 1,015, 1,025.

ಪ್ರತಿ ಹೆಜ್ಜೆಯಲ್ಲೂ ಮನಸ್ಸಿನಲ್ಲಿ ಇದ್ದದ್ದು ಇಲ್ಲಿಯವರೆಗಿನ ಮೊತ್ತ ಒಂದೇ. ದಶಕ ಎನ್ನುವುದು ಬರಲೇ ಇಲ್ಲ. ಮಧ್ಯೆ ಯಾರಾದರೂ ಮಾತಾಡಿಸಿದರೂ 620 ಎಂದು ಒಂದು ಸಲ ಬಾಯಲ್ಲಿ ಅಂದುಕೊಂಡು ಅವರ ಕಡೆ ತಿರುಗಬಹುದು. ಇನ್ನೊಂದು ಲಾಭವೂ ಇದೆ. ಲೆಕ್ಕ ಅರ್ಧಕ್ಕೆ ನಿಂತರೂ ದೊಡ್ಡ ಭಾಗ ಕೈಯಲ್ಲಿರುತ್ತದೆ. ಬಲದಿಂದ ಬಂದವನ ಕೈಯಲ್ಲಿ ಆ ಹೊತ್ತಿಗೆ ಇರುವುದು ಬರೀ ಬಿಡಿ ಅಂಕಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ತುಂಬಾ ಜನ 47, 38 ಎರಡನ್ನೂ ಒಡೆಯುತ್ತಾರೆ. ನಲವತ್ತು ಮೂವತ್ತು ಎಪ್ಪತ್ತು, ಏಳು ಎಂಟು ಹದಿನೈದು, ಎಪ್ಪತ್ತು ಹದಿನೈದು ಎಂಬತ್ತೈದು. ಇದೂ ಎಡದಿಂದಲೇ ಹೋಗುವ ದಾರಿ. ಆದರೆ ಹದಿನೈದು ಮಾಡುವಷ್ಟು ಹೊತ್ತು ಎಪ್ಪತ್ತನ್ನು ಪಕ್ಕಕ್ಕೆ ಇಟ್ಟುಕೊಂಡಿರಬೇಕು. ಎರಡು ಅಂಕಿಗೆ ಪರವಾಗಿಲ್ಲ. ಮೂರು ಅಂಕಿ ಬಂದರೆ ಅದು ಜಾರುತ್ತದೆ. ಅದಕ್ಕೇ ಮೊದಲ ಸಂಖ್ಯೆಯನ್ನು ಒಡೆಯಬೇಡಿ. ಎರಡನೆಯದನ್ನು ಮಾತ್ರ ಒಡೆದು ತುಂಡು ತುಂಡಾಗಿ ಸೇರಿಸಿ.

ತುಟಿ ಅಲ್ಲಾಡಿಸುವುದಕ್ಕೆ ಸಂಕೋಚ ಬೇಡ. ಮಂಡಿಯಲ್ಲಿ ಹಮಾಲರು ಚೀಲ ಎಣಿಸುವಾಗ ಹಾಡಿದ ಹಾಗೆ ಜೋರಾಗಿ ಹೇಳುತ್ತಿದ್ದರು. ಅವರು ಸಂಖ್ಯೆಯನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಮನಸ್ಸಿನಲ್ಲೇ ಪುನಃ ಪುನಃ ಹೇಳಿಕೊಳ್ಳುವುದು ನೆನಪನ್ನು ಹಿಡಿದಿಡುವ ಒಂದು ದಾರಿ ಎಂದು ಬ್ಯಾಡ್ಲಿಯವರೂ ಹೇಳಿದ್ದಾರೆ. ಗೆಣ್ಣು ಹಿಡಿಯುವ ಮಿಲ್ಲಿನ ಗೆಳೆಯರದ್ದೂ ಇದೇ ಜಾಣತನ. ನೆನಪಿನ ಕೆಲಸವನ್ನು ಅವರು ಬೆರಳಿಗೆ ವಹಿಸಿದ್ದಾರೆ.

ಮತ್ತೆ, ನೀವು ಮಗ್ಗಿ ಕಲಿತ ಭಾಷೆಯಲ್ಲೇ ಲೆಕ್ಕ ಮಾಡಿ. ಟೈಲರ್ ಸಾಹೇಬರಿಗೆ ಕನ್ನಡದಲ್ಲಿ ಮಾಡಿ ಎಂದು ನಾನು ಒತ್ತಾಯ ಮಾಡಿದ್ದೆ. ಅವರು ತಡವರಿಸಿದರು. ನನ್ನದೇ ತಪ್ಪು. ಉರ್ದುವಿನಲ್ಲಿ ಬಿಡಿ ಅಂಕಿ ಮೊದಲು ಬಂದರೂ ಅವರ ಸಂಖ್ಯೆಗಳು ಇರುವುದು ಆ ಭಾಷೆಯಲ್ಲೇ. ಈಗ ಅವರು ಸೈಂತಾಲೀಸ್ ಅನ್ನು ಒಡೆಯದೆ ಇಟ್ಟು ಅದಕ್ಕೆ ತೀಸ್ ಸೇರಿಸುತ್ತಾರೆ. ಸರಾಗವಾಗಿ ಬರುತ್ತದೆ.

ಕಳೆಯುವ ಬದಲು ಹತ್ತಿ

ಚಿಲ್ಲರೆ ವಾಪಸ್ ಪಡೆಯುವಾಗ ಕಳೆಯಬೇಡಿ. 200 ಕೊಟ್ಟಿದ್ದೀರಿ, ಸಾಮಾನು 87. ಕಳೆಯಲು ಹೋದರೆ ಎರಡು ಸಲ ಕಡ ತೆಗೆದುಕೊಳ್ಳಬೇಕು. ಮತ್ತೆ ಅದೇ ಕೈಯಲ್ಲಿ ಹಿಡಿದುಕೊಳ್ಳುವ ತೊಂದರೆ. ಬದಲಿಗೆ 87ರಿಂದ ಮೇಲಕ್ಕೆ ಹತ್ತಿ. ಮೂರು ಹಾಕಿದರೆ 90, ಹತ್ತು ಹಾಕಿದರೆ 100, ನೂರು ಹಾಕಿದರೆ 200. ಒಟ್ಟು 113. ಸೊಪ್ಪಿನ ಅಕ್ಕ ಚಿಲ್ಲರೆಯನ್ನು ಹೀಗೇ ಎಣಿಸಿ ಕೈಗಿಡುತ್ತಾರೆ. ಮೊದಲು ಮೂರು ರೂಪಾಯಿಯ ಚಿಲ್ಲರೆ ನಾಣ್ಯಗಳು, ಆಮೇಲೆ ಹತ್ತರ ನೋಟು, ಕೊನೆಗೆ ನೂರರದು. ಲೆಕ್ಕವೂ ಮುಗಿಯಿತು, ಹಣವೂ ಕೈ ಸೇರಿತು.

ಚಿಕ್ಕದನ್ನು ಕಳೆಯುವುದಾದರೆ ಸೊನ್ನೆಯಲ್ಲಿ ಮುಗಿಯುವ ಹತ್ತಿರದ ಸಂಖ್ಯೆ ಕಳೆದು ಜಾಸ್ತಿ ಹೋದದ್ದನ್ನು ವಾಪಸ್ ಹಾಕಿ. 432ರಲ್ಲಿ 98 ಎಂದರೆ ನೂರು ಕಳೆದು 332, ಎರಡು ವಾಪಸ್, 334.

ಕಾಲು, ಅರ್ಧ, ಮುಕ್ಕಾಲು: ನಮ್ಮ ಆಸ್ತಿ

ಈ ವಿಷಯ ನನಗೆ ತುಂಬಾ ಇಷ್ಟ. ಇದರಲ್ಲಿ ನಮ್ಮ ವಯಸ್ಸಿನವರು ಈಗಿನ ಹುಡುಗರಿಗಿಂತ ಮುಂದೆ ಇದ್ದೇವೆ.

ನಮ್ಮಪ್ಪನ ಕಾಲದಲ್ಲಿ ರೂಪಾಯಿಗೆ ಹದಿನಾರಾಣೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ರೂಪಾಯಿಗೆ ನೂರು ಪೈಸೆ ಆಯಿತು. ಆಗ ನಾನು ನಾಲ್ಕು ವರ್ಷದ ಮಗು. ಆದರೂ ಮನೆಯಲ್ಲಿ ಬಹಳ ವರ್ಷ ಆಣೆಯ ಮಾತೇ ನಡೆಯಿತು. ನಾಲ್ಕಾಣೆ ಎಂದರೆ 25 ಪೈಸೆ, ಎಂಟಾಣೆ ಎಂದರೆ 50. ಆ ನಾಲ್ಕಾಣೆ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ಲೆಕ್ಕ ಮಾತ್ರ ನಮ್ಮ ತಲೆಯಲ್ಲಿ ಉಳಿದಿದೆ. ಹದಿನಾರನ್ನು ಅರ್ಧ ಮಾಡಿದರೆ ಎಂಟು, ಮತ್ತೆ ಅರ್ಧ ನಾಲ್ಕು, ಎರಡು, ಒಂದು. ಅರ್ಧ ಮಾಡುತ್ತಾ ಹೋಗುವುದು ನಮಗೆ ಉಸಿರಾಡಿದಷ್ಟು ಸುಲಭ. ಅಪ್ಪ ನನಗೆ ಕಾಲು, ಅರೆ, ಮುಕ್ಕಾಲು, ಒಂದೂವರೆ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸಿದ್ದರು. ಆಗ ಅತ್ತಿದ್ದೆ. ಈಗ ನಮ್ಮೂರ ಕೆ.ಆರ್. ಮಾರುಕಟ್ಟೆಯಲ್ಲಿ ದಿನಾ ಅದೇ ಕೈ ಹಿಡಿಯುತ್ತದೆ.

ಒಂದೂವರೆ ಕೆಜಿ ಈರುಳ್ಳಿ, ಕೆಜಿಗೆ 34. ಮೂವತ್ತನಾಲ್ಕಕ್ಕೆ ಅದರ ಅರ್ಧ ಹದಿನೇಳು ಸೇರಿಸಿ: 51. ಮುಕ್ಕಾಲು ಕೆಜಿ ಟೊಮೆಟೊ, ಕೆಜಿಗೆ 28. ಅರ್ಧ ಕೆಜಿಗೆ 14, ಅದರ ಅರ್ಧ 7, ಒಟ್ಟು 21. ಕಾಲು ಕೆಜಿ ಹಸಿಮೆಣಸಿನಕಾಯಿ, ಕೆಜಿಗೆ 60. ಅರ್ಧ ಮೂವತ್ತು, ಮತ್ತೆ ಅರ್ಧ ಹದಿನೈದು. 51ಕ್ಕೆ 21 ಸೇರಿ 72, 15 ಸೇರಿ 87. ಮೇಲೆ ಹೇಳಿದ 87 ಇದೇ.

ಎಷ್ಟೇ ದೊಡ್ಡ ಸಂಖ್ಯೆಯಾದರೂ ಕಾಲು ಬೇಕೆಂದರೆ ಎರಡು ಸಲ ಅರ್ಧ ಮಾಡಿ. ನಾಲ್ಕರಿಂದ ಭಾಗಿಸಲು ಹೋಗಬೇಡಿ. ಎಂಟನೇ ಒಂದು ಪಾಲು ಬೇಕೆಂದರೆ ಮೂರು ಸಲ. ಐದರಿಂದ ಗುಣಿಸುವುದೂ ಅರ್ಧದ ಕೆಲಸವೇ. 86ರ ಐದರಷ್ಟು ಬೇಕಾದರೆ 86ರ ಅರ್ಧ 43, ಒಂದು ಸೊನ್ನೆ ಹಚ್ಚಿ, 430. ಐದರಿಂದ ಭಾಗಿಸಲು ಇದನ್ನೇ ತಿರುವಿಹಾಕಿ. ನಾವು ಐದು ಜನ ಬೆಣ್ಣೆ ದೋಸೆ ತಿಂದು ಬಿಲ್ 460 ಬಂದರೆ, ಎರಡರಷ್ಟು 920, ಸೊನ್ನೆ ತೆಗೆದರೆ ತಲೆಗೆ 92.

ಮಂಡಿಯ ಗುಣಾಕಾರ

ಪಟ್ಟಿ ಬರೆಯುವಾಗ ನಾವು ಬಳಸುತ್ತಿದ್ದ ದಾರಿ ಇದು. ಮೆಕ್ಕೆಜೋಳ 23 ಕ್ವಿಂಟಾಲ್ 40 ಕೆಜಿ, ಕ್ವಿಂಟಾಲಿಗೆ 2,150 ಎಂದಿಟ್ಟುಕೊಳ್ಳಿ. ಇಪ್ಪತ್ತು ಕ್ವಿಂಟಾಲಿಗೆ 43,000. ಮೂರು ಕ್ವಿಂಟಾಲಿಗೆ 6,450. ಸೇರಿ 49,450. ಇದನ್ನು ಬಾಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ. ಇನ್ನು 40 ಕೆಜಿ. ಕ್ವಿಂಟಾಲ್ ದರದಲ್ಲಿ ಒಂದು ಸೊನ್ನೆ ತೆಗೆದರೆ ಹತ್ತು ಕೆಜಿಯ ಬೆಲೆ, 215. ಅದರ ಎರಡರಷ್ಟು 430, ಮತ್ತೆ ಎರಡರಷ್ಟು 860. 49,450ಕ್ಕೆ 860. ಎಂಟುನೂರು ಹಾಕಿ 50,250, ಅರವತ್ತು ಹಾಕಿ 50,310.

ಒಂದು ಒಪ್ಪಿಕೊಳ್ಳಬೇಕಾದ ಮಾತು. ಈ ಲೆಕ್ಕದಲ್ಲಿ 49,450 ಅನ್ನು ಪಕ್ಕಕ್ಕೆ ಇಟ್ಟುಕೊಳ್ಳಲೇಬೇಕು. ನಲವತ್ತರ ವಯಸ್ಸಿನಲ್ಲಿ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಒಂದು ಸಂಖ್ಯೆಯನ್ನು ಚೀಟಿಯ ಮೂಲೆಯಲ್ಲಿ ಬರೆದುಕೊಳ್ಳುತ್ತೇನೆ. ಮಧ್ಯದ ಒಂದು ಸಂಖ್ಯೆ ಬರೆದುಕೊಂಡರೆ ಬಾಯಿಲೆಕ್ಕ ಕೆಡುವುದಿಲ್ಲ. ಹಠ ಹಿಡಿದು ತಪ್ಪುವುದಕ್ಕಿಂತ ಬರೆದುಕೊಳ್ಳುವುದು ಒಳ್ಳೆಯದು.

ಪರ್ಸೆಂಟ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಹತ್ತು ಪರ್ಸೆಂಟ್ ಸಿಕ್ಕರೆ ಎಲ್ಲ ಸಿಕ್ಕ ಹಾಗೆ. ಔಷಧಿ ಬಿಲ್ 1,846, ಹದಿನೈದು ಪರ್ಸೆಂಟ್ ಬಿಡುತ್ತಾರೆ. 1,850 ಎಂದುಕೊಳ್ಳಿ. ಹತ್ತಕ್ಕೆ 185, ಅದರ ಅರ್ಧ 92, ಸುಮಾರು 277. ಕೊಡಬೇಕಾದದ್ದು 1,570ರ ಆಸುಪಾಸು. ಅಂಗಡಿಯವರು 1,670 ಎಂದರೆ ತಕ್ಷಣ ಗೊತ್ತಾಗುತ್ತದೆ, ಅಷ್ಟು ಸಾಕು. ಜಿಎಸ್‌ಟಿ 18 ಎಂದರೆ 20ಕ್ಕೆ 2 ಕಡಿಮೆ. 650ಕ್ಕೆ ಇಪ್ಪತ್ತು ಪರ್ಸೆಂಟ್ 130, ಎರಡು ಪರ್ಸೆಂಟ್ 13, ಉಳಿದದ್ದು 117. ಬ್ಯಾಂಕಿನ ಠೇವಣಿಗೆ ಒಂದೇ ನೆನಪಿಡಿ. ಲಕ್ಷಕ್ಕೆ ವರ್ಷಕ್ಕೆ ಒಂದು ಪರ್ಸೆಂಟ್ ಎಂದರೆ ಸಾವಿರ ರೂಪಾಯಿ. ಎರಡು ಲಕ್ಷಕ್ಕೆ ಏಳೂವರೆ ಎಂದರೆ ಹದಿನೈದು ಸಾವಿರ, ಮೂರು ತಿಂಗಳಿಗೆ 3,750. ಕೈಸಾಲದಲ್ಲಿ "ಎರಡು ರೂಪಾಯಿ ಬಡ್ಡಿ" ಎಂದರೆ ಅದು ತಿಂಗಳಿನ ಬಡ್ಡಿ, ವರ್ಷಕ್ಕೆ ಇಪ್ಪತ್ನಾಲ್ಕು ಪರ್ಸೆಂಟ್. ಇದನ್ನು ಮಾತ್ರ ಯಾವಾಗಲೂ ಹನ್ನೆರಡರಿಂದ ಗುಣಿಸಿ ನೋಡಿ.

ತಾಳೆ ನೋಡುವುದು

ಒಂದೇ ದಾರಿ ಹಿಡಿಯುವುದು ನಮ್ಮ ವಯಸ್ಸಿನ ಗುಣ. ಇದೂ ಬರೀ ನನ್ನ ಅನಿಸಿಕೆ ಅಲ್ಲ. ಫ್ರಾನ್ಸಿನ ಪ್ಯಾಟ್ರಿಕ್ ಲೆಮೇರ್ ಮತ್ತು ಲಾರೆನ್ಸ್ ಅರ್ನೋ ಎಂಬ ಇಬ್ಬರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡಂಕಿ ಕೂಡುವ ಲೆಕ್ಕವನ್ನು ಹುಡುಗರ ಕೈಯಲ್ಲೂ ಹಿರಿಯರ ಕೈಯಲ್ಲೂ ಮಾಡಿಸಿದ್ದರು. ಹಿರಿಯರು ಬಳಸಿದ ದಾರಿಗಳು ಕಡಿಮೆ. ಇದನ್ನು ನಾನು ಕೊರತೆ ಎಂದು ನೋಡುವುದಿಲ್ಲ. ಪಳಗಿದ ದಾರಿ ಬಿಟ್ಟು ದಿನಕ್ಕೊಂದು ಹೊಸದನ್ನು ಹಿಡಿದರೆ, ಯಾವ ದಾರಿ ಎಂದು ಯೋಚಿಸುವುದರಲ್ಲೇ ದಣಿವಾಗುತ್ತದೆ. ಆದರೆ ತಾಳೆ ನೋಡಲು ಎರಡನೇ ದಾರಿ ಒಂದು ಬೇಕು. ಅದೇ ದಾರಿಯಲ್ಲಿ ಎರಡು ಸಲ ಹೋದರೆ ಅದೇ ಗುಂಡಿಗೆ ಎರಡು ಸಲ ಬೀಳುತ್ತೀರಿ.

ನಾನು ಬಳಸುವುದು ಒಂಬತ್ತು ಬಿಡುವ ತಾಳೆ. ಸಂಖ್ಯೆಯ ಅಂಕಿಗಳನ್ನು ಒಂದಂಕಿ ಬರುವವರೆಗೆ ಕೂಡಿಸಿ. 185 ಎಂದರೆ 14, ಅಂದರೆ 5. 240ಕ್ಕೆ 6. 67ಕ್ಕೆ 4. 128ಕ್ಕೆ 2. 95ಕ್ಕೆ 5. 310ಕ್ಕೆ 4. ಇವು ಸೇರಿ 26, ಅಂದರೆ 8. ಉತ್ತರ 1,025ರ ಅಂಕಿ ಕೂಡಿಸಿದರೂ 8. ತಾಳೆ ಆಯಿತು. ಅವತ್ತು ನಾನು ಹೇಳಿದ 1,005ಕ್ಕೆ 6 ಬರುತ್ತದೆ. ಹುಡುಗನಿಗೆ ಜೋರು ಮಾಡುವ ಮೊದಲು ಇದನ್ನು ನೋಡಬೇಕಿತ್ತು.

ಈ ತಾಳೆ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. 540 ಇದ್ದದ್ದನ್ನು 450 ಎಂದುಕೊಂಡರೆ ಎರಡಕ್ಕೂ 9. ಅದಕ್ಕೆ ಗುಮಾಸ್ತರ ಹತ್ತಿರ ಇನ್ನೊಂದು ಮದ್ದು ಇತ್ತು. ಸಂಜೆ ತಾಳೆ ಬೀಳದೆ ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗವಾದರೆ, ಎಲ್ಲೋ ಎರಡು ಅಂಕಿ ಅದಲು ಬದಲಾಗಿದೆ ಎಂದು ಹುಡುಕುತ್ತಿದ್ದೆವು. ಹೆಚ್ಚಿನ ಸಲ ಸಿಗುತ್ತಿತ್ತು. ಪಾಸ್‌ಬುಕ್ ಮತ್ತು ನಿಮ್ಮ ಡೈರಿ ಹೊಂದದೆ ಇದ್ದಾಗ ಇದನ್ನು ಮಾಡಿ ನೋಡಿ.

ಅವಸರ ಬೇಡ, ಅವಸರ ಮಾಡಿಸುವುದೂ ಬೇಡ

ಹಿಂದೆ ಸಾಲು ನಿಂತಿದೆ, ಕೌಂಟರಿನಲ್ಲಿ ಹುಡುಗ ಕಾಯುತ್ತಿದ್ದಾನೆ. ಆಗ ಗಾಬರಿಯಾಗುತ್ತದೆ. ಮನಸ್ಸಿನಲ್ಲಿ ಇರುವ ಸ್ವಲ್ಪ ಜಾಗವನ್ನೂ ಗಾಬರಿಯೇ ತಿನ್ನುತ್ತದೆ. ನಾನು ಸಾಮಾನು ತೆಗೆದಿಡುವಾಗಲೇ ಕೂಡಿಸುತ್ತಾ ಹೋಗುತ್ತೇನೆ, ಕೌಂಟರ್ ತಲುಪುವಷ್ಟರಲ್ಲಿ ಮೊತ್ತ ಬಾಯಲ್ಲಿರುತ್ತದೆ. ಚಿಲ್ಲರೆಯನ್ನು ಅಲ್ಲೇ ಪಕ್ಕಕ್ಕೆ ಸರಿದು ನಿಂತು ಎಣಿಸುತ್ತೇನೆ. ಯುಪಿಐ ಮಾಡುವಾಗ ಮೊತ್ತ ಒತ್ತಿದ ಮೇಲೆ ಒಮ್ಮೆ ಬಾಯಲ್ಲಿ ಓದಿಯೇ ಪಿನ್ ಹಾಕುತ್ತೇನೆ. ದೊಡ್ಡ ಲೆಕ್ಕಗಳು, ಬಾಡಿಗೆ, ಬ್ಯಾಂಕು, ಇವನ್ನು ಬೆಳಗ್ಗೆಯೇ ಮುಗಿಸುತ್ತೇನೆ. ಸಂಜೆ ನನ್ನ ತಲೆ ದಣಿದಿರುತ್ತದೆ.

ಮನೆಯ ಮಕ್ಕಳಿಗೆ ಒಂದು ಮಾತು. ಅಜ್ಜಿಯೋ ಅಪ್ಪನೋ ಲೆಕ್ಕ ಮಾಡುತ್ತಿರುವಾಗ ಉತ್ತರ ಹೇಳಿಬಿಡಬೇಡಿ. ಮಧ್ಯೆ ಬೇರೆ ಸಂಖ್ಯೆ ಕೂಗಿದರೆ ಅವರ ಕೈಯಲ್ಲಿದ್ದ ಸಂಖ್ಯೆ ಬಿದ್ದುಹೋಗುತ್ತದೆ. ಹತ್ತು ಸೆಕೆಂಡ್ ಕಾಯಿರಿ. ನಿಧಾನ ಎನ್ನುವುದು ತಪ್ಪು ಅಲ್ಲ.

ಆದರೆ ನಿಧಾನವೇ ಬೇರೆ, ಕಳೆದುಹೋಗುವುದೇ ಬೇರೆ. ಹತ್ತರ ನೋಟು ದೊಡ್ಡದೋ ನೂರರದು ದೊಡ್ಡದೋ ಎಂಬ ಗೊಂದಲ, ಕಟ್ಟಿದ ಕರೆಂಟ್ ಬಿಲ್ ಮತ್ತೆ ಕಟ್ಟುವುದು, ವರ್ಷಗಟ್ಟಲೆ ಮಾಡಿದ ಲೆಕ್ಕವೇ ಅರ್ಥವಾಗದಿರುವುದು, ಇವು ಕಂಡರೆ ಡಾಕ್ಟರ ಹತ್ತಿರ ಹೋಗಿ. ಹಣದ ವ್ಯವಹಾರದಲ್ಲಿ ಎಡವುವುದು ಮರೆವಿನ ಕಾಯಿಲೆಯ ಆರಂಭದ ಸುಳಿವಾಗಿರಬಹುದು. ಥೈರಾಯ್ಡ್, ಬಿ12 ಕೊರತೆ, ನಿದ್ದೆ ಮಾತ್ರೆ, ಮನಸ್ಸಿನ ಖಿನ್ನತೆ ಇವೂ ಕಾರಣವಾಗಬಹುದು. ಅವಕ್ಕೆ ಮದ್ದು ಇದೆ. ಕಿವಿ ಕೇಳದೆ 60 ಅನ್ನು 70 ಎಂದುಕೊಳ್ಳುವವರೂ ಇದ್ದಾರೆ, ಅದನ್ನೂ ತೋರಿಸಿ.

ಅಲ್ಲಿ ಡಾಕ್ಟರು 100ರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನಬಹುದು. ನನ್ನನ್ನೂ ಕೇಳಿದ್ದರು. ಇದು 1975ರಲ್ಲಿ ಅಮೆರಿಕದ ಫೋಲ್ಸ್ಟೀನ್ ಮತ್ತು ಜೊತೆಯವರು ಮಾಡಿದ ಮೂವತ್ತು ಅಂಕದ ಪರೀಕ್ಷೆಯಲ್ಲಿ ಇರುವ ಪ್ರಶ್ನೆ. ನಾನು ಹತ್ತು ಕಳೆದು ಮೂರು ವಾಪಸ್ ಹಾಕುತ್ತಾ ಹೋದೆ. 93, 86, 79, 72, 65. ದಾರಿ ಯಾವುದಾದರೂ ಆಗಬಹುದು. ಆದರೆ ಈ ಉತ್ತರಗಳನ್ನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಬೇಡಿ, ದಯವಿಟ್ಟು. ಅವರು ನಮ್ಮನ್ನು ಪಾಸು ಫೇಲು ಮಾಡಲು ಕೇಳುತ್ತಿಲ್ಲ. ಏನಾದರೂ ಇದ್ದರೆ ಬೇಗ ಗೊತ್ತಾಗಲಿ ಎಂದು ಕೇಳುತ್ತಾರೆ. ಶಾಲೆಗೆ ಹೋಗದವರಾದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಸೊಪ್ಪಿನ ಅಕ್ಕನನ್ನು ನೂರರಲ್ಲಿ ಏಳು ಎಷ್ಟು ಎಂದು ಸುಮ್ನೆ ಕೇಳಿದರೆ ಮುಖ ನೋಡುತ್ತಾರೆ. ನೂರು ರೂಪಾಯಿ ಕೊಟ್ಟು ಏಳು ರೂಪಾಯಿ ಸೊಪ್ಪು ಕೊಂಡರೆ ಎಂದು ಕೇಳಿದರೆ ಮಾತು ಮುಗಿಯುವ ಮೊದಲೇ ಚಿಲ್ಲರೆ ಕೈಗಿಡುತ್ತಾರೆ.

ಅಭ್ಯಾಸಕ್ಕೆ ನಾವು ಪುಸ್ತಕ ಕೊಂಡಿಲ್ಲ. ಏರಿಯ ಕೆಳಗೆ ನಿಂತ ಗಾಡಿಗಳ ನಂಬರ್ ಪ್ಲೇಟ್ ಸಾಕು. ಕೆಎ 17 ಎಂದರೆ ನಮ್ಮ ದಾವಣಗೆರೆ, ಕೆಎ 16 ಎಂದರೆ ಚಿತ್ರದುರ್ಗ. ಕೊನೆಯ ನಾಲ್ಕು ಅಂಕಿಯನ್ನು ಎರಡೆರಡಾಗಿ ಮಾಡಿ ಕೂಡಿಸುತ್ತೇವೆ. 4738 ಬಂದರೆ 47ಕ್ಕೆ 38. ದಿನಕ್ಕೆ ಹತ್ತು ಗಾಡಿ, ಅದಕ್ಕಿಂತ ಜಾಸ್ತಿ ಬೇಡ. ಒಬ್ಬರು ಓದುವುದು, ಉಳಿದವರು ಬಾಯಿ ಬಿಟ್ಟು ಮಾಡುವುದು, ಎಲ್ಲರದೂ ಮುಗಿಯುವವರೆಗೆ ಯಾರೂ ಉತ್ತರ ಹೇಳಬಾರದು. ಮಿಲ್ಲಿನ ಗೆಳೆಯರು ಕೊನೆಯ ಗೆಣ್ಣು ಮುಟ್ಟಿ ತಲೆ ಎತ್ತಿದ ಮೇಲೆಯೇ ಮುಂದಿನ ಗಾಡಿ.